ಮೊದಲ ಸಲ ಥೆರಪಿಗೆ ಹೋಗ್ತಿದ್ದೀನಿ, ಏನಾದ್ರೂ ತಯಾರಿ ಮಾಡ್ಕೋಬೇಕಾ?

ಮುಂದಿನ ವಾರ ಮೊದಲ ಸೆಷನ್ ಇದೆ, ಏನು ಮಾತಾಡ್ಬೇಕು ಅಂತಾನೇ ಗೊತ್ತಾಗ್ತಿಲ್ಲ ಅಂತ ಬರ್ದಿದ್ದೀರಲ್ಲ, ಅದಕ್ಕೇ ಉತ್ತರ ಬರೀತಿದ್ದೀನಿ. ನಾನು ಕೌನ್ಸೆಲರ್ ಅಲ್ಲ, ಎರಡು ವರ್ಷದಿಂದ ಎದುರುಗಡೆ ಕುರ್ಚೀಲಿ ಕೂರ್ತಿರೋ ಕ್ಲೈಂಟ್ ಅಷ್ಟೇ.

ಮಾತಿನ ತಯಾರಿ ಬೇಡ. ನಾನು ಎರಡು ಪುಟ ಬರ್ಕೊಂಡು ಹೋಗಿದ್ದೆ, ಒಂದು ಸಾಲೂ ಓದೋಕಾಗ್ಲಿಲ್ಲ, ಯಾಕಂದ್ರೆ ಮೊದಲ ದಿನ ಹೆಚ್ಚುಕಮ್ಮಿ ಕೌನ್ಸೆಲರ್ ಕೇಳೋ ಪ್ರಶ್ನೆಗಳಲ್ಲೇ ಮುಗಿದುಹೋಗುತ್ತೆ, ನಿದ್ದೆ ಹೇಗಿದೆ, ಊಟ ಸೇರುತ್ತಾ, ಮನೇಲಿ ಯಾರ್ಯಾರಿದ್ದಾರೆ, ಯಾವ್ದಾದ್ರೂ ಮಾತ್ರೆ ತಗೋತಿದ್ದೀರಾ, ಸಾಯೋ ಯೋಚನೆ ಯಾವತ್ತಾದ್ರೂ ಬಂದಿತ್ತಾ. ಈ ಕೊನೇದು ಕೇಳಿ ನಾನು ಬೆಚ್ಚಿಬಿದ್ದಿದ್ದೆ, ಆದ್ರೆ ಅದು ಹೊಸಬರಿಗೆ ಸಾಮಾನ್ಯವಾಗಿ ಕೇಳೋ ಪ್ರಶ್ನೇನೇ, ಇದ್ದದ್ದನ್ನ ಇದ್ದಂಗೆ ಹೇಳಿ.

ತಯಾರಿ ಮಾಡ್ಕೋಬೇಕಾಗಿರೋದು ನೀವು ಕೇಳೋ ಪ್ರಶ್ನೆಗಳನ್ನ. ಶುರುವಲ್ಲಿ ಒಪ್ಪಿಗೆ ಫಾರ್ಮ್ ಕೊಡ್ತಾರೆ, ಸಿಮ್ ತಗೋವಾಗ ಹಾಕೋ ಥರ ಕಣ್ಮುಚ್ಚಿ ಸೈನ್ ಹಾಕ್ಬೇಡಿ. ಹೇಳಿದ್ದೆಲ್ಲ ಗುಟ್ಟಾಗಿರುತ್ತೆ ನಿಜ, ಆದ್ರೆ ಅದಕ್ಕೂ ಒಂದು ಗೆರೆ ಇದೆ, ನಿಮ್ಮ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಅನ್ಸಿದ್ರೆ, ಮಗು ಮೇಲೆ ದೌರ್ಜನ್ಯ ಆಗ್ತಿದ್ರೆ, ಕೋರ್ಟ್ ಕೇಳಿದ್ರೆ ಅವರು ಬಾಯಿ ಬಿಡಬೇಕಾಗಬಹುದು. ಆ ಗೆರೆ ಎಲ್ಲಿದೆ, ಅವರು ಬರ್ಕೊಳೋ ನೋಟ್ಸ್ ಯಾರು ನೋಡ್ತಾರೆ, ಎಷ್ಟು ಗಂಟೆ ಮುಂಚೆ ಹೇಳಿದ್ರೆ ಕ್ಯಾನ್ಸಲ್ ಫೀಸ್ ಬೀಳಲ್ಲ, ಮಧ್ಯರಾತ್ರಿ ತೀರಾ ಕೈಮೀರಿದ್ರೆ ಯಾರಿಗೆ ಫೋನ್ ಮಾಡ್ಬೇಕು, ಎಲ್ಲ ಕೇಳಿ. ಕೌನ್ಸೆಲರ್‌ಗಳು ಸಾಮಾನ್ಯವಾಗಿ ತುರ್ತು ಕರೆ ತಗೊಳಲ್ಲ, ಮಾತ್ರೇನೂ ಬರ್ಕೊಡಲ್ಲ, ಮಾತ್ರೆ ಬರ್ಕೊಡೋದು ಸೈಕಿಯಾಟ್ರಿಸ್ಟ್, ಅಂದ್ರೆ ಮನೋವೈದ್ಯರ ಕೆಲಸ.

ಇನ್ನು ಟೈಮ್. ಒಂದು ಸೆಷನ್ ಅಂದ್ರೆ ಸಾಮಾನ್ಯವಾಗಿ 45ರಿಂದ 50 ನಿಮಿಷ. ನಾನು ಆರನೇದೋ ಏಳನೇದೋ ಸೆಷನ್‌ನಲ್ಲಿ ಪೂರ್ತಿ ಹೊತ್ತು ಮ್ಯಾನೇಜರ್‌ನ ಬೈಕೊಂಡು ಕೂತಿದ್ದೆ, ಟೈಮ್ ಮುಗೀತು ಅಂದಾಗ ಎದ್ದು ಬ್ಯಾಗ್ ಹೆಗಲಿಗೇರಿಸಿ ಬಾಗಿಲಿನ ಹಿಡಿಗೆ ಕೈ ಹಾಕಿದ್ಮೇಲೆ, ಅಂದ್ಹಾಗೆ ಅಪ್ಪನ ಜೊತೆ ಮಾತು ಬಿಟ್ಟು ಮೂರು ವರ್ಷ ಆಯ್ತು ಅಂದೆ. ಅವರು ವಾಪಸ್ ಕೂರಿಸ್ಲಿಲ್ಲ. ಮುಂದಿನ ವಾರ ಅಲ್ಲಿಂದಲೇ ಶುರು ಮಾಡೋಣ ಅಂದ್ರು. ಎಂಥಾ ಕಲ್ಲು ಮನಸ್ಸು ಅನ್ಕೊಂಡೆ ಆವತ್ತು. ಆಮೇಲೆ ಗೊತ್ತಾಯ್ತು, ಹಿಂಗೆ ಹೊರಡೋ ಹೊತ್ತಲ್ಲಿ ಅಸಲಿ ವಿಷಯ ಉದುರಿಸೋದು ಎಷ್ಟು ಮಾಮೂಲಿ ಅಂದ್ರೆ ಇದಕ್ಕೆ ಡೋರ್‌ನಾಬ್ ಮೊಮೆಂಟ್, ಅಂದ್ರೆ ಬಾಗಿಲಿನ ಹಿಡಿ ಹಿಡ್ಕೊಂಡಾಗಿನ ಗಳಿಗೆ ಅಂತಾನೇ ಹೆಸರಿದೆ. ಹಂಗಾಗಿ ಹೇಳೋಕೆ ಕಷ್ಟ ಆಗೋದು ಏನಾದ್ರೂ ಇದ್ರೆ, ಒಂದು ವಿಷಯ ಇದೆ ಆದ್ರೆ ಇವತ್ತು ಹೇಳಲ್ಲ ಅಂತಾನಾದ್ರೂ ಮೊದಲೇ ಹೇಳಿಬಿಡಿ, ಅಷ್ಟೂ ಸಾಕಾಗುತ್ತೆ.

ನಾಲ್ಕೈದು ಸಲ ಹೋದ್ಮೇಲೂ ಅವರ ಹತ್ರ ಮನಸ್ಸು ಬಿಚ್ಚೋಕಾಗ್ದಿದ್ರೆ ಸುಮ್ನೆ ಹೋಗೋದು ನಿಲ್ಲಿಸ್ಬೇಡಿ, ಸರಿ ಹೋಗ್ತಿಲ್ಲ ಅಂತ ಅವರಿಗೇ ಹೇಳಿ, ಒಳ್ಳೆಯವರಾದ್ರೆ ಬೇಜಾರು ಮಾಡ್ಕೊಳಲ್ಲ, ಬೇರೆಯವರ ಹೆಸರು ಅವರೇ ಕೊಡ್ತಾರೆ.

ಆಮೇಲೆ ಸೆಷನ್ ಮುಗಿದ ತಕ್ಷಣ ಯಾವ ಕೆಲಸಾನೂ ಇಟ್ಕೋಬೇಡಿ, ಅರ್ಧ ಗಂಟೆ ಖಾಲಿ ಬಿಡಿ, ಶುರುಶುರುವಲ್ಲಿ ಹಗುರ ಆಗೋ ಬದ್ಲು ಇನ್ನೂ ಭಾರ ಅನ್ಸೋದೂ ಉಂಟು. ನಾನು ಒಂದ್ಸಲ ಮುಖ ಒರೆಸ್ಕೊಂಡು ನೇರವಾಗಿ ಆಫೀಸ್ ಕಾಲ್‌ಗೆ ಕೂತು, ಕ್ಯಾಮೆರಾ ಕೆಟ್ಟಿದೆ ಅಂತ ಸುಳ್ಳು ಹೇಳ್ಬೇಕಾಯ್ತು.