ಭೂಶಾಖದ ಬಾವಿಗೆ 53 ಗ್ರೇಡ್ ಸಿಮೆಂಟ್ ಸಾಲದೇ?

ಪ್ರಶ್ನೆ: ಲಡಾಖ್‌ನ ಪೂಗಾ ಕಣಿವೆಯಲ್ಲಿ ಓಎನ್‌ಜಿಸಿ ನೆಲದಾಳದ ಬಿಸಿ ನೀರು, ಹಬೆ ತೆಗೆಯೋಕೆ ಭೂಶಾಖದ ಬಾವಿ ಕೊರೆಯುವ ಸುದ್ದಿ ಓದಿದೆ ಸರ್. ನಾನು ಮನೆ ಕಟ್ಟುವ ಗುತ್ತಿಗೆದಾರ. ಇಂಥ ಬಾವಿಯ ಪೈಪಿನ ಸುತ್ತ ತುಂಬೋಕೆ ನಮ್ಮ 53 ಗ್ರೇಡ್ ಸಿಮೆಂಟ್ ಸಾಲದೇ? ಬಿಸಿಗೆ ಸಿಮೆಂಟ್ ಇನ್ನೂ ಬೇಗ ಗಟ್ಟಿಯಾಗುತ್ತಲ್ವಾ?
– ಓದುಗರೊಬ್ಬರು, ಗದಗ

ಉತ್ತರ: ಬೇಗ ಗಟ್ಟಿಯಾಗುವುದೇನೋ ನಿಜ. ಆದರೆ ಹಾಗೇ ಉಳಿಯುವುದಿಲ್ಲ. ಚೀಲದ ಮೇಲಿನ 53 ಅಂದರೆ, ಸುಮಾರು 27 ಡಿಗ್ರಿ ನೀರಿನಲ್ಲಿ 28 ದಿನ ಕ್ಯೂರಿಂಗ್ ಆದ ಕ್ಯೂಬ್ ತಡೆಯಬೇಕಾದ ಒತ್ತಡ, ಮೆಗಾಪಾಸ್ಕಲ್ ಲೆಕ್ಕದಲ್ಲಿ. ಬಾವಿಯಲ್ಲಿ 200 ಡಿಗ್ರಿ ದಾಟುವುದು ಅಪರೂಪವೇನಲ್ಲ. ಅಲ್ಲಿ ಆ ನಂಬರ್ ಲೆಕ್ಕಕ್ಕೆ ಬರುವುದಿಲ್ಲ.

ಸುಮಾರು 110 ಡಿಗ್ರಿ ದಾಟಿದ ಮೇಲೆ ಸಾದಾ ಸಿಮೆಂಟನ್ನು ಹಿಡಿದಿಟ್ಟ ಅಂಟು ಬೇರೆ ಹರಳಾಗಿ ಬದಲಾಗುತ್ತದೆ. ಈ ಹರಳಿಗೆ ಕಡಿಮೆ ಜಾಗ ಸಾಕು. ಹಾಗಾಗಿ ನಡುವೆ ಸಣ್ಣ ಸಣ್ಣ ತೂತು ಬೀಳುತ್ತವೆ, ಬಲ ಕುಸಿಯುತ್ತದೆ, ನೀರು ನುಗ್ಗುತ್ತದೆ. ನಾನು ಬಾವಿ ಸಿಮೆಂಟಿನ ಲ್ಯಾಬಿನಲ್ಲಿದ್ದಾಗ ಒತ್ತಡದ ಪಾತ್ರೆಯಿಂದ ಸಾದಾ ಸಿಮೆಂಟಿನದು, ಬೇರೆ ಪುಡಿ ಬೆರೆಸಿದ್ದು, ಹೀಗೆ ಎರಡು ಬಗೆಯ ಕ್ಯೂಬ್ ತೆಗೆಯುತ್ತಿದ್ದೆವು. ನೋಡೋಕೆ ಎರಡೂ ಒಂದೇ ಬೂದು ಬಣ್ಣ. ಹೆಬ್ಬೆರಳಿಂದ ಉಜ್ಜಿದರೆ ಸಾದಾ ಕ್ಯೂಬಿನ ಅಂಚು ಪುಡಿ ಉದುರುತ್ತಿತ್ತು.

ಇನ್ನೊಂದರಲ್ಲಿ ಇದ್ದದ್ದು ಸಿಲಿಕಾ ಹಿಟ್ಟು, ಅಂದರೆ ನುಣ್ಣಗೆ ಬೀಸಿದ ಬೆಣಚುಕಲ್ಲು. 100 ಕೆಜಿ ಸಿಮೆಂಟಿಗೆ 35ರಿಂದ 40 ಕೆಜಿ. ಸಿಮೆಂಟಿನಲ್ಲಿ ಸುಣ್ಣದ ಅಂಶ ಜಾಸ್ತಿ. ಸಿಲಿಕಾ ಸೇರಿದರೆ ಅದೇ ಬಿಸಿಯಲ್ಲಿ ಟೋಬರ್ಮೊರೈಟ್, ಇನ್ನೂ ಬಿಸಿಯಾದರೆ ಝೋನೊಟ್ಲೈಟ್ ಎಂಬ ಗಟ್ಟಿ ಹರಳುಗಳಾಗುತ್ತವೆ. ಜೊತೆಗೆ, ಬಾವಿಗೆ ಹೆಚ್ಚಾಗಿ ಬಳಸುವುದು ಜಿ ಕ್ಲಾಸ್ ಎಂಬ, ತೈಲ ಬಾವಿಗೆಂದೇ ತಯಾರಿಸುವ ಸಿಮೆಂಟ್. ನಿಮ್ಮ 53 ಗ್ರೇಡ್ ತುಂಬ ನುಣುಪು, ಪಂಪ್ ಮಾಡುವಷ್ಟರಲ್ಲೇ ಬಿಗಿದುಕೊಳ್ಳಬಹುದು.

ಸಿಲಿಕಾ ಹಾಕಿಬಿಟ್ಟರೆ ಮುಗಿಯಿತು ಅಂತಲ್ಲ. ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ ಇದ್ದರೆ ಅದು ಈ ಸಿಮೆಂಟನ್ನೇ ತಿನ್ನುತ್ತದೆ. ನ್ಯೂಜಿಲೆಂಡಿನವರು ಇಂಥ ಕಡೆ ಸಿಲಿಕಾವನ್ನು 20 ಕೆಜಿ ಆಸುಪಾಸಿಗೆ ಇಳಿಸಿ ನೋಡಿದ್ದಾರೆ.

ಪೈಪಿನ ಲೆಕ್ಕವೂ ಇದೆ. 1000 ಮೀಟರ್ ಉಕ್ಕಿನ ಪೈಪು ಮೊದಲಿಗಿಂತ 200 ಡಿಗ್ರಿ ಹೆಚ್ಚು ಬಿಸಿಯಾದರೆ, ಹಿಡಿತವಿಲ್ಲದಿದ್ದರೆ ಸುಮಾರು 2.4 ಮೀಟರ್ ಉದ್ದವಾಗುತ್ತದೆ. ಅದನ್ನು ಹಿಡಿದಿಡುವುದು ಸಿಮೆಂಟೇ. ಅದಕ್ಕೇ ತಳದಿಂದ ನೆಲದ ಮಟ್ಟದವರೆಗೂ ತುಂಬುತ್ತಾರೆ. ಒಂದರೊಳಗೊಂದು ಇಳಿಸಿದ ಎರಡು ಪೈಪುಗಳ ನಡುವೆ ಎಲ್ಲಾದರೂ ನೀರು ಸಿಕ್ಕಿಹಾಕಿಕೊಂಡರೆ, ಅದು ಬಿಸಿಗೆ ಹಿಗ್ಗಿ ಒಳಗಿನ ಪೈಪನ್ನೇ ಅಪ್ಪಚ್ಚಿ ಮಾಡುತ್ತದೆ. ಆಗ ಎಷ್ಟೇ ಗಟ್ಟಿ ಸಿಮೆಂಟ್ ಇದ್ದರೂ ಬಾವಿ ಉಳಿಯುವುದು ಕಷ್ಟ.