ಅಮೆರಿಕದ ಗಾಯಕಿ ಅರೀಥಾ ಫ್ರಾಂಕ್ಲಿನ್‌ಗೆ ಆರು ವರ್ಷ ಸಿಗದ ಯಶಸ್ಸು 1967ರಲ್ಲಿ ಒಮ್ಮೆಲೇ ಸಿಕ್ಕಿದ್ದು ಹೇಗೆ?

ಮುಖ್ಯ ಕಾರಣ, ಅವರನ್ನು ಪಿಯಾನೊ ಮುಂದೆ ಕೂರಿಸಿದ್ದು. ಡೆಟ್ರಾಯಿಟ್‌ನಲ್ಲಿ ತಂದೆ ಪಾದ್ರಿಯಾಗಿದ್ದ ಚರ್ಚಿನಲ್ಲಿ ಗಾಸ್ಪೆಲ್ (ಕ್ರೈಸ್ತ ಭಕ್ತಿಗೀತೆ) ಹಾಡುತ್ತಾ ಬೆಳೆದವರು ಅರೀಥಾ. 1960ರಲ್ಲಿ ಸೇರಿದ ಕೊಲಂಬಿಯಾ ರೆಕಾರ್ಡ್ ಕಂಪನಿ ಅವರಿಂದ ಜಾಝ್, ಪಾಪ್, ಹಳೇ ನಾಟಕದ ಹಾಡು ಎಲ್ಲವನ್ನೂ ಹಾಡಿಸಿತು. ಹಿನ್ನೆಲೆಗೆ ಪಿಟೀಲುಗಳ ದಂಡು. ಕೆಟ್ಟ ರೆಕಾರ್ಡುಗಳೇನಲ್ಲ, ಆದರೆ ಚರ್ಚಿನ ಕಸುವು ಅಲ್ಲಿ ಅಡಗಿಹೋಯಿತು.

1967ರ ಜನವರಿಯಲ್ಲಿ ಅಟ್ಲಾಂಟಿಕ್ ರೆಕಾರ್ಡ್ ಕಂಪನಿಯ ನಿರ್ಮಾಪಕ ಜೆರ್ರಿ ವೆಕ್ಸ್ಲರ್ ಅರೀಥಾರನ್ನು ಅಲಬಾಮಾದ ಫೇಮ್ ಸ್ಟುಡಿಯೋಗೆ ಕರೆದೊಯ್ದರು. ಅರೀಥಾ ಪಿಯಾನೊ ನುಡಿಸುತ್ತಾ ಹಾಡಿದರು, ವಾದ್ಯಗಾರರು ಅದನ್ನೇ ಹಿಡಿದು ತಮ್ಮ ಭಾಗ ಕಟ್ಟಿದರು. ಒಂದೇ ದಿನದಲ್ಲಿ ಜಗಳವಾಗಿ ಕೆಲಸ ನಿಂತಿತು: ಒಂದು ಹಾಡು ಪೂರ್ತಿ, ಇನ್ನೊಂದು ಅರ್ಧ. ಉಳಿದದ್ದು ನ್ಯೂಯಾರ್ಕ್‌ನಲ್ಲಿ, ಅಲಬಾಮಾದ ವಾದ್ಯಗಾರರನ್ನು ಅಲ್ಲಿಗೇ ಕರೆಸಿಕೊಂಡು.

ಗಾಯಕ ಓಟಿಸ್ ರೆಡ್ಡಿಂಗ್ 1965ರಲ್ಲಿ ಹಾಡಿದ್ದ 'ರೆಸ್ಪೆಕ್ಟ್' ಅರೀಥಾ ದನಿಯಲ್ಲಿ ಧ್ವನಿಮುದ್ರಣವಾದದ್ದು ಫೆಬ್ರವರಿ 14ರಂದು. ಮೂಲದಲ್ಲಿ ಗಂಡಸು ಕೇಳುತ್ತಿದ್ದ ಮರ್ಯಾದೆಯನ್ನು ಇಲ್ಲಿ ಹೆಂಗಸು ಕೇಳುತ್ತಾಳೆ. 'R-E-S-P-E-C-T' ಎಂದು ಅಕ್ಷರ ಬಿಡಿಸಿ ಹೇಳುವ ಭಾಗವೂ ಅಕ್ಕ ಅರ್ಮಾ, ತಂಗಿ ಕ್ಯಾರೊಲಿನ್‌ರ ಹಿನ್ನೆಲೆ ದನಿಯೂ ಹೊಸದಾಗಿ ಸೇರಿದವು. ಜೂನ್‌ನಲ್ಲಿ ಎರಡು ವಾರ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನ. ಓಟಿಸ್, ಅರೀಥಾ ಇಬ್ಬರ ಹಾಡನ್ನೂ ಒಂದಾದ ಮೇಲೊಂದು ಕೇಳಿ ನೋಡಿ. ಅರೀಥಾ ಹಾಡಿನ ನಡುವೆ ಬರುವ ಕಿಂಗ್ ಕರ್ಟಿಸ್‌ರ ಸ್ಯಾಕ್ಸೊಫೋನ್ ಭಾಗ ಓಟಿಸ್ ಹಾಡಿನಲ್ಲಿ ಇಲ್ಲವೇ ಇಲ್ಲ.