ದುಡ್ಡು ಕೊಡೋಕೆ ಮುಂಚೆ ಸಣ್ಣಕಥೆ ಕಳಿಸಿ
ಸಕಲೇಶಪುರದವರೇ, ಮೊದಲ ಫ್ಯಾಂಟಸಿ ಕಾದಂಬರಿ ಅಚ್ಚು ಹಾಕೋಕೆ ಪ್ರಕಾಶಕರು 40 ಸಾವಿರ ಕೇಳ್ತಿದಾರೆ, ಕೊಡ್ಲಾ ಅಂದಿದೀರಿ. ಬೇಡ. ಹಾಸನದಲ್ಲಿ ಕೂತು ನಾನೂ ಹಂಗೇ ಕೊಟ್ಟೆ. ಮುನ್ನೂರು ಪ್ರತಿ ಅಟ್ಟದ ಮೇಲಿದೆ, ಇದುವರೆಗೆ ಪೂರ್ತಿ ಓದಿರೋದು ಗೆದ್ದಲು ಮಾತ್ರ.

ಬಿಸಿಲೆ ಘಾಟಿ ಮಂಜಲ್ಲಿ ಬಸ್ಸು ಮಾಯವಾಗೋ ಅಧ್ಯಾಯ ಇದೆ ಅಂದ್ರಲ್ಲ, ಅದೊಂದನ್ನೇ ಸಣ್ಣಕಥೆ ಮಾಡಿ. ಪೀಠಿಕೆ, ರಾಜವಂಶದ ಚರಿತ್ರೆ ಎಲ್ಲ ಕಿತ್ತುಹಾಕಿ, ಕಂಡಕ್ಟರು ಟಿಕೆಟ್ ಹರಿಯೋ ಹೊತ್ತಿಂದ ಶುರುವಾಗಲಿ. ಮಯೂರ ಪತ್ರಿಕೆಗೋ ಸುಧಾ ಪತ್ರಿಕೆಗೋ ಕಳಿಸಿ, ಒಂದೇ ಸಲಕ್ಕೆ ಎರಡಕ್ಕೂ ಬೇಡ. ನುಡಿ ತಂತ್ರಾಂಶದ ಹಳೇ ಫಾಂಟಲ್ಲಿ ಟೈಪ್ ಮಾಡಿದ್ರೆ ಯೂನಿಕೋಡ್‌ಗೆ ಬದಲಿಸಿ, ಇಲ್ಲಾಂದ್ರೆ ಅಕ್ಷರವೆಲ್ಲ ಕಲಸುಮೇಲೋಗರ.

ವಯಸ್ಸು 35 ದಾಟಿಲ್ಲ ಅಂದ್ರೆ ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನಕ್ಕೆ ಅರ್ಜಿ ಕರೆಯೋದನ್ನ ಗಮನಿಸ್ತಿರಿ. ಮಂಜಿನ ಕಥೆ ಮುಗಿದ್ಮೇಲೆ ನಂಗೂ ಓದೋಕೆ ಕೊಡಿ.